ರಾಜಮಾತೆ ವಾಣೀವಿಲಾಸ ಸನ್ನಿಧಾನದವರು

ರಾಜರ ಚರಿತ್ರೆಯನ್ನು ಬರೆದವರು ರಾಣಿಯರಿಗೆ ಕೊಟ್ಟಿರುವ ಸ್ಥಳ ಬಹಳ ಕಿರಿದು. ಪಟ್ಟಾಭಿಷೇಕದ ವರ್ಣನೆಯಲ್ಲಿ ಅರಸನ ಎಡಬದಿಗೆ, ವಂಶಾವಳಿಯಲ್ಲಿ ಮಕ್ಕಳ ಹೆಸರಿನ ಹಿಂದೆ, ದತ್ತಿಶಾಸನದ ಕೊನೆಯ ಸಾಲುಗಳಲ್ಲಿ ಅವರ ಹೆಸರು ಒಮ್ಮೆ ಮಿಂಚಿ ಮರೆಯಾಗುತ್ತದೆ. ಸುಖದ ದಿನಗಳಲ್ಲಿ ಅಂತಃಪುರದ ಬಾಗಿಲು ಚರಿತ್ರಕಾರನಿಗೆ ತೆರೆಯುವುದಿಲ್ಲ. ಅರಸನು ಅಕಾಲದಲ್ಲಿ ಕಣ್ಮುಚ್ಚಿ, ಮಗನು ಇನ್ನೂ ಬಾಲಕನಾಗಿದ್ದು, ರಾಜ್ಯವು ದಿಕ್ಕು ಕಾಣದೆ ನಿಂತಾಗ ಮಾತ್ರ ಆ ಬಾಗಿಲು ತೆರೆಯುತ್ತದೆ. ಆಗ ಒಳಗಿದ್ದವರ ಯೋಗ್ಯತೆ ಲೋಕಕ್ಕೆ ತಿಳಿಯುತ್ತದೆ.

ಮೈಸೂರು ಅರಸರ ಮನೆತನದಲ್ಲಿ ಇಂಥ ಸಂದರ್ಭ ಎರಡು ಬಾರಿ ಒದಗಿತು. ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ಲಕ್ಷ್ಮಮ್ಮಣ್ಣಿಯವರು ಹೈದರ್ ಮತ್ತು ಟಿಪ್ಪುವಿನ ಕಾಲವನ್ನೆಲ್ಲ ಸಹನೆಯಿಂದ ಕಳೆದು, 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಸಿಂಹಾಸನ ದೊರೆಯುವುದನ್ನು ಕಂಡರು. ಅವರದು ಕಳೆದುಹೋದ ರಾಜ್ಯವನ್ನು ಮರಳಿ ಪಡೆದ ಕಥೆ. ಸುಮಾರು ಒಂದು ಶತಮಾನದ ತರುವಾಯ ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಗೆ ಒದಗಿದ್ದು ಅದಕ್ಕಿಂತ ಭಿನ್ನವಾದ ಕರ್ತವ್ಯ. ಪಡೆದದ್ದನ್ನು ಕೆಡದಂತೆ ಕಾಯ್ದು, ಬೆಳೆಸಿ, ಕಾಲ ಬಂದಾಗ ಉಳ್ಳವರ ಕೈಗೆ ಒಪ್ಪಿಸುವ ಹೊಣೆ ಅದು. ನಾಡು ಅವರನ್ನು ವಾಣೀವಿಲಾಸ ಸನ್ನಿಧಾನ ಎಂಬ ಬಿರುದಿನಿಂದ ಇಂದಿಗೂ ಸ್ಮರಿಸುತ್ತಿದೆ.

ಕೆಂಪನಂಜಮ್ಮಣ್ಣಿಯವರು 1866ರಲ್ಲಿ, ಮೈಸೂರು ಅರಸರಿಗೆ ತಲೆಮಾರುಗಳಿಂದ ನೆಂಟಸ್ತನವಿದ್ದ ಕಳಲೆಯ ಅರಸು ಮನೆತನದಲ್ಲಿ ನರಸರಾಜ ಅರಸಿನವರ ಪುತ್ರಿಯಾಗಿ ಜನಿಸಿದರು. 1878ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಅವರ ವಿವಾಹವು ಚಾಮರಾಜೇಂದ್ರ ಒಡೆಯರೊಡನೆ ನೆರವೇರಿತು. ವರನಿಗೆ ಆಗ ಹದಿನೈದು ವರ್ಷ. ಬೆಟ್ಟದಕೋಟೆ ಅರಸು ಮನೆಯಲ್ಲಿ ಹುಟ್ಟಿ, ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ದತ್ತುಪುತ್ರರಾಗಿ ಬಂದಿದ್ದ ಅವರಿಗೆ ಸಿಂಹಾಸನವಿತ್ತು, ಅಧಿಕಾರವಿರಲಿಲ್ಲ. 1831ರಲ್ಲಿ ದುರಾಡಳಿತದ ನೆಪವೊಡ್ಡಿ ಆಂಗ್ಲರು ಕಿತ್ತುಕೊಂಡಿದ್ದ ಆಡಳಿತ ಇನ್ನೂ ಅವರ ಕಮಿಷನರುಗಳ ಕೈಯಲ್ಲಿಯೇ ಇತ್ತು.

ಮದುಮಗಳು ಅರಮನೆಗೆ ಕಾಲಿಟ್ಟ ಕಾಲವೂ ಮಂಗಳಕರವಾಗಿರಲಿಲ್ಲ. 1876ರಿಂದ 1878ರವರೆಗೆ ನಾಡನ್ನು ನುಂಗಿದ ಮಹಾಕ್ಷಾಮದ ಕೊನೆಯ ವರ್ಷ ಅದು. 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮಿಗಿಲಾಗಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಮಳೆಯನ್ನೇ ನಂಬಿದ ಬಯಲುಸೀಮೆಯ ಹಳ್ಳಿಗಳು ಬರಿದಾಗಿದ್ದವು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ಆಂಗ್ಲರು ರಾಜ್ಯಾಧಿಕಾರವನ್ನು ಹಿಂದಿರುಗಿಸಿದಾಗ ಅದರೊಡನೆ ಬಂದದ್ದು ಎಂಬತ್ತು ಲಕ್ಷ ರೂಪಾಯಿಗಳ ಕ್ಷಾಮದ ಸಾಲ. ಆಂಗ್ಲ ಸರ್ಕಾರಕ್ಕೆ ವರ್ಷವರ್ಷವೂ ಸಲ್ಲಬೇಕಾದ ಪೊಗದಿ 24 ಲಕ್ಷ 50 ಸಾವಿರ ರೂಪಾಯಿ. ಅದಕ್ಕೆ ಇನ್ನೂ 10 ಲಕ್ಷ 50 ಸಾವಿರವನ್ನು ಏರಿಸಬೇಕೆಂಬ ಷರತ್ತೂ ಇತ್ತು. ನಾಡಿನ ದುಃಸ್ಥಿತಿಯನ್ನು ನೋಡಿ ಆ ಹೆಚ್ಚಳವನ್ನು ಮೊದಲು ಕೆಲವು ವರ್ಷಗಳ ಮಟ್ಟಿಗೆ, ಆಮೇಲೆ 1896ರವರೆಗೆ ಮುಂದಕ್ಕೆ ಹಾಕಲಾಗಿತ್ತು. ಆಡಳಿತ ಕೆಟ್ಟರೆ ರಾಜ್ಯವನ್ನು ಮತ್ತೆ ವಶಪಡಿಸಿಕೊಳ್ಳುವ ಅಧಿಕಾರವನ್ನು ಆಂಗ್ಲರು ಉಳಿಸಿಕೊಂಡೇ ಇದ್ದರು.

ಚಾಮರಾಜೇಂದ್ರ ಒಡೆಯರ ಹದಿಮೂರು ವರ್ಷಗಳ ಆಳ್ವಿಕೆ ನಾಡಿಗೆ ಹೊಸ ಬೆಳಕನ್ನು ತಂದಿತು. 1881ರಲ್ಲಿಯೇ ದಿವಾನ್ ರಂಗಾಚಾರ್ಲು ಅವರ ಪ್ರಯತ್ನದಿಂದ ಪ್ರಜಾಪ್ರತಿನಿಧಿ ಸಭೆ ನೆರೆಯಿತು. 1883ರಲ್ಲಿ ದಿವಾನಗಿರಿಗೆ ಬಂದ ಕೆ. ಶೇಷಾದ್ರಿ ಅಯ್ಯರ್ ಅವರ ದಕ್ಷತೆಯಿಂದ ಸಾಲ ತೀರಿ ಬೊಕ್ಕಸ ತುಂಬತೊಡಗಿತು. ಅದೇ 1881ರಲ್ಲಿ ಅರಮನೆಯ ಬಕ್ಷಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಮುತುವರ್ಜಿಯಿಂದ ಮೈಸೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ಹುಟ್ಟಿತು. ಹೆಣ್ಣು ಅಕ್ಷರ ಕಲಿತರೆ ಮನೆಗೆ ಕೇಡೆಂದು ನಂಬಿದವರೇ ಹೆಚ್ಚಾಗಿದ್ದ ದಿನಗಳಲ್ಲಿ ಆ ಶಾಲೆಗೆ ಮಹಾರಾಣಿಯವರ ಹೆಸರು ಬಂದದ್ದು ಅದಕ್ಕೊಂದು ಕವಚವಾಯಿತು. ಅರಮನೆ ಮೆಚ್ಚಿದ ಪಾಠಶಾಲೆಗೆ ಮಗಳನ್ನು ಕಳುಹಿಸಲು ಸಂಪ್ರದಾಯಸ್ಥರಿಗೂ ಅಳುಕು ಕಡಿಮೆಯಾಯಿತು. ಮುಂದೆ ಅದು ಮಹಾರಾಣಿ ಕಾಲೇಜಾಗಿ ಬೆಳೆದು, ನಾಡಿನ ಸ್ತ್ರೀವಿದ್ಯಾಭ್ಯಾಸಕ್ಕೆ ತಾಯಿಬೇರಾಯಿತು.

ದಂಪತಿಗಳಿಗೆ ಜಯಲಕ್ಷಮ್ಮಣ್ಣಿ, ಕೃಷ್ಣಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ ಎಂಬ ಮೂವರು ಪುತ್ರಿಯರೂ, ಕೃಷ್ಣರಾಜ ಮತ್ತು ಕಂಠೀರವ ನರಸಿಂಹರಾಜ ಎಂಬ ಇಬ್ಬರು ಪುತ್ರರೂ ಇದ್ದರು. 1894ರಲ್ಲಿ ಬಾಲ್ಯವಿವಾಹವನ್ನು ತಡೆಯುವ ಕಾಯಿದೆ ಸಂಸ್ಥಾನದಲ್ಲಿ ಜಾರಿಗೆ ಬಂದಿತು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸರು ಹದಿನಾಲ್ಕು ತುಂಬದ ಹುಡುಗಿಯರನ್ನು ಮದುವೆಯಾಗುವುದನ್ನೂ ಅದು ನಿಷೇಧಿಸಿತು. ಇಂದಿನ ಕಣ್ಣಿಗೆ ಅಲ್ಪವೆಂದು ತೋರುವ ಆ ಕಾಯಿದೆ, ಎಳೆಯ ವಿಧವೆಯರಿಂದ ತುಂಬಿದ್ದ ಆ ಕಾಲದ ಸಮಾಜದಲ್ಲಿ ದೊಡ್ಡ ಹೆಜ್ಜೆಯೇ ಆಗಿತ್ತು. ಅದೇ ವರ್ಷ ಮುಗಿಯುವುದರೊಳಗೆ ವೈಧವ್ಯವು ಅರಮನೆಯ ಬಾಗಿಲಿಗೇ ಬಂದಿತು.

ವೈಸರಾಯರನ್ನು ಕಾಣಲು ಕಲ್ಕತ್ತೆಗೆ ತೆರಳಿದ್ದ ಚಾಮರಾಜೇಂದ್ರ ಒಡೆಯರು ಡಿಫ್ತೀರಿಯಾ ಎಂಬ ಗಂಟಲುಬೇನೆಗೆ ತುತ್ತಾಗಿ 1894ರ ಡಿಸೆಂಬರ್ 28ರಂದು ತೀರಿಕೊಂಡರು. ಅವರಿಗೆ ಇನ್ನೂ ಮೂವತ್ತೊಂದು ವರ್ಷ. ಮಹಾರಾಣಿಯವರಿಗೆ ಇಪ್ಪತ್ತೆಂಟು. ಹಿರಿಯ ಮಗನಿಗೆ ಹತ್ತು, ಕಿರಿಯವನಿಗೆ ಆರು ವರ್ಷ.

ಈ ಮರಣದಿಂದ ರಾಜ್ಯಕ್ಕೆ ಒದಗಿದ ಗಂಡಾಂತರವನ್ನು ತಿಳಿಯಬೇಕಾದರೆ ಹಿಂದಿನದನ್ನು ನೆನೆಯಬೇಕು. ಲಕ್ಷ್ಮಮ್ಮಣ್ಣಿಯವರ ಆಶ್ರಯದಲ್ಲಿ ಪಟ್ಟವೇರಿದ ಬಾಲರಾಜ ಪ್ರಾಪ್ತವಯಸ್ಕನಾಗಿ ಆಳತೊಡಗಿದ ಇಪ್ಪತ್ತು ವರ್ಷಗಳೊಳಗೆ ರಾಜ್ಯ ಕೈಬಿಟ್ಟುಹೋಗಿತ್ತು. ಅದು ಮರಳಿ ಬರಲು ಐವತ್ತು ವರ್ಷ ಹಿಡಿಯಿತು. ಮರಳಿ ಬಂದ ಹದಿನಾಲ್ಕನೆಯ ವರ್ಷದಲ್ಲಿಯೇ ಸಿಂಹಾಸನದ ಮೇಲೆ ಮತ್ತೊಬ್ಬ ಬಾಲಕ. ಅಪ್ರಾಪ್ತವಯಸ್ಕ ಅರಸ, ಒಡಕಿನ ಮಂಡಲಿ, ಬರಿದಾದ ಬೊಕ್ಕಸ ಇವು ಮೂರೂ ಕೂಡಿದರೆ ಹಳೆಯ ನೆಪ ಹೊಸದಾಗಿ ಹುಟ್ಟಲು ತಡವಿರಲಿಲ್ಲ.

1895ರ ಫೆಬ್ರವರಿ ತಿಂಗಳಲ್ಲಿ ಕೃಷ್ಣರಾಜ ಒಡೆಯರು ಸಿಂಹಾಸನವೇರಿದರು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ, ಅಂದರೆ ರೀಜೆಂಟರಾಗಿ, ನೇಮಕಗೊಂಡರು. ಅವರಿಗೆ ನೆರವಾಗಲು ದಿವಾನ್ ಶೇಷಾದ್ರಿ ಅಯ್ಯರ್ ಅವರ ಅಧ್ಯಕ್ಷತೆಯಲ್ಲಿ ಮೂವರು ಸದಸ್ಯರ ಆಡಳಿತ ಮಂಡಲಿ ರಚಿತವಾಯಿತು. ಈ ವ್ಯವಸ್ಥೆಯಲ್ಲಿ ಮಹಾರಾಣಿಯವರ ಅಧಿಕಾರ ಎಲ್ಲೆಯಿಲ್ಲದ್ದೇನೂ ಆಗಿರಲಿಲ್ಲ. ಯೋಜನೆಗಳನ್ನು ರೂಪಿಸುತ್ತಿದ್ದವರು ದಿವಾನರು ಮತ್ತು ಎಂಜಿನಿಯರುಗಳು. ಎಲ್ಲವನ್ನೂ ಆಂಗ್ಲ ರೆಸಿಡೆಂಟರ ಕಣ್ಣು ಕಾಯುತ್ತಿತ್ತು. ಮಹತ್ತ್ವದ ವಿಷಯಗಳಿಗೆ ಭಾರತ ಸರ್ಕಾರದ ಸಮ್ಮತಿ ಬೇಕಾಗಿತ್ತು. ಆ ಕಾಲದ ಸಾಧನೆಗಳನ್ನೆಲ್ಲ ಅವರೊಬ್ಬರ ಖಾತೆಗೆ ಬರೆಯುವುದು ಚರಿತ್ರೆಗೆ ಮಾಡಿದ ಅಪಚಾರವಾದೀತು. ಆದರೆ ಒಂದು ರಾಜ್ಯದ ಪ್ರಗತಿಗೆ ಯೋಜನೆ ಎಷ್ಟು ಅಗತ್ಯವೋ, ಯೋಜಿಸಿದವರ ಬೆನ್ನಿಗೆ ನಿಲ್ಲುವ ಸ್ಥಿರವಾದ ಮನಸ್ಸೂ ಅಷ್ಟೇ ಅಗತ್ಯ. ಆ ಮನಸ್ಸು ಮಹಾರಾಣಿಯವರದಾಗಿತ್ತು.

ಅವರ ವಿವೇಕಕ್ಕೆ ಮೊದಲ ನಿದರ್ಶನವೆಂದರೆ ಪತಿಯ ಕಾಲದ ದಿವಾನರನ್ನೇ ಮುಂದುವರಿಸಿ, ಅವರಲ್ಲಿ ಪೂರ್ಣ ವಿಶ್ವಾಸವಿಟ್ಟದ್ದು. ಮದರಾಸಿನಿಂದ ಬಂದ ಅಧಿಕಾರಿಗಳ ಮೇಲೆ ಮೈಸೂರಿಗರಿಗೆ ಅಸಮಾಧಾನ ಬೆಳೆಯುತ್ತಿದ್ದ ಕಾಲ ಅದು. ಪತ್ರಿಕೆಗಳಲ್ಲಿಯೂ ಅದರ ಕಾವು ಕಾಣುತ್ತಿತ್ತು. ಅರಮನೆಯೇ ಒಂದು ಪಕ್ಷವನ್ನು ಹಿಡಿದಿದ್ದರೆ ಆಡಳಿತ ಎರಡಾಗಿ ಸೀಳುತ್ತಿತ್ತು. ಹಾಗಾಗಲಿಲ್ಲ. 1896ರಿಂದ ಏರಿದ ಪೊಗದಿಯೂ ಸೇರಿ ವರ್ಷಕ್ಕೆ 35 ಲಕ್ಷ ರೂಪಾಯಿಗಳನ್ನು ಆಂಗ್ಲ ಸರ್ಕಾರಕ್ಕೆ ಸಲ್ಲಿಸುತ್ತಲೇ ಸಂಸ್ಥಾನವು ದೊಡ್ಡ ಕಾಮಗಾರಿಗಳಿಗೆ ಕೈಹಾಕಿತು.

ವಿಧಿ ಮಾತ್ರ ಅವರನ್ನು ಪರೀಕ್ಷಿಸುವುದನ್ನು ಬಿಡಲಿಲ್ಲ. 1897ರ ಫೆಬ್ರವರಿಯಲ್ಲಿ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ವಿವಾಹ, ಮಹಾರಾಣಿಯವರ ಸೋದರರಾದ ಎಂ. ಕಾಂತರಾಜ ಅರಸಿನವರೊಡನೆ ನೆರವೇರುತ್ತಿತ್ತು. ಪತಿಯ ಅಗಲಿಕೆಯ ನಂತರ ಅರಮನೆ ಕಂಡ ದೊಡ್ಡ ಶುಭಕಾರ್ಯ ಅದು. ಆ ಸಂಭ್ರಮದ ನಡುವೆಯೇ ಬೆಂಕಿ ಹೊತ್ತಿಕೊಂಡು ಮರದ ಹಳೆಯ ಅರಮನೆಯ ಬಹುಭಾಗ ಸುಟ್ಟುಹೋಯಿತು. ಮಹಾರಾಣಿಯವರು ಎದೆಗುಂದದೆ, ಸಿಮ್ಲಾದ ವೈಸರಾಯರ ಭವನವನ್ನು ರೂಪಿಸಿದ್ದ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಹೊಸ ಅರಮನೆಯ ಕಾರ್ಯವನ್ನು ವಹಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಕೆಲಸ ಆರಂಭವಾಯಿತು. ಮರದ ಸ್ಥಾನದಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣಗಳು ಬಂದವು. ಮತ್ತೊಮ್ಮೆ ಬೆಂಕಿಗೆ ಸುಲಭದ ತುತ್ತಾಗಬಾರದೆಂಬುದೇ ಉದ್ದೇಶ. 1912ರಲ್ಲಿ ಮುಗಿದ ಆ ಭವನಕ್ಕೆ ತಗುಲಿದ ವೆಚ್ಚ 41,47,913 ರೂಪಾಯಿ. ದಸರೆಯ ದೀಪಗಳಲ್ಲಿ ಹೊಳೆಯುವ ಅರಮನೆಯನ್ನು ಕಂಡು ಬೆರಗಾಗುವ ಲಕ್ಷಾಂತರ ಮಂದಿಗೆ, ಅದು ಶೋಕದ ಮೇಲೆ ಶೋಕವನ್ನು ಕಂಡ ಹೆಣ್ಣುಮಗಳೊಬ್ಬರ ಸಂಕಲ್ಪದಿಂದ ಎದ್ದುದೆಂಬುದು ನೆನಪಿಗೆ ಬರುವುದು ವಿರಳ.

ಆದರೆ ತನ್ನ ಮನೆಯನ್ನು ಕಟ್ಟಿಕೊಳ್ಳುವುದರಲ್ಲಿಯೇ ಆ ಸಂಕಲ್ಪ ಮುಗಿಯಲಿಲ್ಲ. 1897ರ ಜೂನ್ 22ರಂದು ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅವರಿಂದ ಅಸ್ತಿಭಾರ ಬಿದ್ದಿತು. 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಅದನ್ನು ತೆರೆದರು. ನಡುವಿನ ಅವಧಿಯಲ್ಲಿ, 1898ರ ಆಗಸ್ಟಿನಲ್ಲಿ, ಪ್ಲೇಗು ಮಾರಿ ಬೆಂಗಳೂರಿಗೆ ಕಾಲಿಟ್ಟು ಮೈಸೂರಿಗೂ ಹಳ್ಳಿಗಳಿಗೂ ಹರಡಿತು. ಮನೆಗೆ ಬೀಗ ಹಾಕಿ ಜನರು ಊರ ಹೊರಗಿನ ಗುಡಿಸಲುಗಳಿಗೆ ಓಡಿದರು. ರೋಗಿಗಳನ್ನು ಬೇರೆಯಿರಿಸುವ, ಮನೆಗಳನ್ನು ಶೋಧಿಸುವ ಕ್ರಮಗಳನ್ನು ಜನರು ರೋಗದಷ್ಟೇ ಹೆದರಿ ನೋಡಿದರು. ಶ್ರೀರಂಗಪಟ್ಟಣದ ಸೀಮೆಯಲ್ಲಿ ಗಲಭೆಯೂ ನಡೆಯಿತು. ಪ್ಲೇಗು ಕಮಿಷನರರಾಗಿ ವಿ. ಪಿ. ಮಾಧವರಾಯರು ದುಡಿದರು. ಇಕ್ಕಟ್ಟಾದ ಪೇಟೆಗಳಲ್ಲಿ ಗಾಳಿ ಬೆಳಕು ಇಲ್ಲದಿರುವುದೇ ರೋಗಕ್ಕೆ ನೆಲೆಯೆಂಬುದನ್ನು ಮನಗಂಡು, ವಿಶಾಲವಾದ ಬೀದಿಗಳುಳ್ಳ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳನ್ನು ಬೆಂಗಳೂರಿನಲ್ಲಿ ನಿರ್ಮಿಸಲಾಯಿತು. ಬೆಂಗಳೂರಿಗೆ ಅಂದವೆನಿಸಿದ ಆ ಬಡಾವಣೆಗಳು ಹುಟ್ಟಿದ್ದು ಸಾವಿನ ಭಯದಿಂದ.

ಕ್ಷಾಮದ ನೆನಪು ಇನ್ನೂ ಹಸಿಯಾಗಿಯೇ ಇತ್ತು. ಚಿತ್ರದುರ್ಗದ ಸೀಮೆ ಮಳೆ ಕಡಿಮೆಯಾದ ನಾಡು. ಅಲ್ಲಿ ಹರಿಯುವ ವೇದಾವತಿಯ ನೀರು ಮಳೆಗಾಲದಲ್ಲಿ ಮಾತ್ರ ಕಂಡು ಮರೆಯಾಗುತ್ತಿತ್ತು. ಹಿರಿಯೂರಿನ ಸಮೀಪ, ಕಣಿವೆ ಮಾರಮ್ಮನ ನೆಲೆಯಾದ ಮಾರಿಕಣಿವೆಯಲ್ಲಿ ಎರಡು ಬೆಟ್ಟಗಳ ನಡುವೆ ಕಲ್ಲಿನ ಅಣೆಕಟ್ಟನ್ನು ಕಟ್ಟುವ ಕೆಲಸ 1898ರಲ್ಲಿ ಮೊದಲಾಯಿತು. ಪ್ಲೇಗು ಹಬ್ಬಿದ ವರ್ಷವೇ ಅಷ್ಟು ದೊಡ್ಡ ಕಾಮಗಾರಿಗೆ ಹಣ ಹೂಡುವುದು ಸಾಹಸದ ನಿರ್ಧಾರವಾಗಿತ್ತು. ಒಂದೆರಡು ವರ್ಷಗಳಲ್ಲಿ ಫಲ ಕಾಣುವ ಕೆಲಸವೂ ಅದಲ್ಲ. ಅಣೆಕಟ್ಟು ಮುಗಿದದ್ದು 1907ರಲ್ಲಿ, ಮಹಾರಾಣಿಯವರು ಅಧಿಕಾರವನ್ನು ಬಿಟ್ಟುಕೊಟ್ಟ ಐದು ವರ್ಷಗಳ ನಂತರ. ಜಲಾಶಯಕ್ಕೆ ವಾಣೀವಿಲಾಸ ಸಾಗರವೆಂದು ಅವರ ಹೆಸರನ್ನೇ ಇಡಲಾಯಿತು. ಅದು ಮೊದಲ ಬಾರಿಗೆ ತುಂಬಿ ಕೋಡಿ ಹರಿದದ್ದು 1933ರಲ್ಲಿ. ಆಮೇಲೆ ಎಂಬತ್ತೊಂಬತ್ತು ವರ್ಷಗಳ ತರುವಾಯ, 2022ರಲ್ಲಿ, ಅದು ಮತ್ತೆ ಕೋಡಿ ಬಿದ್ದಾಗ ಸುತ್ತಣ ಹಳ್ಳಿಗಳ ಜನರು ತಂಡತಂಡವಾಗಿ ನೋಡಲು ಬಂದರು. ಕೋಡಿ ಬೀಳದ ವರ್ಷಗಳಲ್ಲಿಯೂ ಬರದ ಸೀಮೆಯ ತೋಟಗದ್ದೆಗಳಿಗೆ ನೀರುಣಿಸಿದ್ದು ಅದೇ ಜಲಾಶಯ.

ಇದೇ ಕಾಲದ ಮತ್ತೊಂದು ಮಹಾಕಾರ್ಯ ಶಿವನಸಮುದ್ರದ ವಿದ್ಯುತ್ ಯೋಜನೆ. ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ತೆಗೆದು, 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸುವ ಯೋಚನೆ ಅಂದಿನ ಅನೇಕರಿಗೆ ಕನಸಿನಂತೆ ತೋರಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ ನಿದರ್ಶನ ಲೋಕದಲ್ಲಿಯೇ ಅಪರೂಪವಾಗಿತ್ತು. ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯರ್ ಅವರು ಯೋಜನೆಯನ್ನು ಸಿದ್ಧಪಡಿಸಿದರು. ದಿವಾನರು ಅದನ್ನು ಎತ್ತಿಹಿಡಿದರು. ಗಣಿಯ ಕಂಪನಿಗಳೊಡನೆ ವಿದ್ಯುತ್ ಮಾರಾಟದ ಒಪ್ಪಂದವನ್ನು ಮೊದಲೇ ಮಾಡಿಕೊಂಡದ್ದರಿಂದ ಸಂಸ್ಥಾನದ ಹಣಕ್ಕೆ ಭದ್ರತೆ ದೊರೆಯಿತು. ಆದರೆ ಫಲವನ್ನು ಕಾಣುವ ಭಾಗ್ಯ ಶೇಷಾದ್ರಿ ಅಯ್ಯರ್ ಅವರಿಗೆ ಇರಲಿಲ್ಲ. ಹದಿನೆಂಟು ವರ್ಷಗಳ ಸೇವೆಯಿಂದ ದಣಿದು, ಅನಾರೋಗ್ಯದಿಂದ ನಿವೃತ್ತರಾದ ಅವರು 1901ರ ಸೆಪ್ಟೆಂಬರಿನಲ್ಲಿ ನಿಧನರಾದರು. ಟಿ. ಆರ್. ಎ. ತಂಬೂಚೆಟ್ಟಿಯವರು ಅವರ ಸ್ಥಾನದ ಹೊಣೆಯನ್ನು ಕೆಲಕಾಲ ಹೊತ್ತರು. ಬಳಿಕ ಪೂರ್ಣಯ್ಯನವರ ವಂಶದ ಪಿ. ಎನ್. ಕೃಷ್ಣಮೂರ್ತಿಯವರು ದಿವಾನರಾದರು. ಸ್ವಲ್ಪ ಕಾಲದಲ್ಲಿ ದಿವಾನರ ಪೀಠ ಇಷ್ಟು ಬಾರಿ ಕೈಬದಲಾದರೂ ಕೆಲಸ ನಿಲ್ಲಲಿಲ್ಲ. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ತಲುಪಿತು. ಮೂರು ವರ್ಷಗಳ ನಂತರ, 1905ರ ಆಗಸ್ಟಿನಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು.

ಅಣೆಕಟ್ಟು, ಆಸ್ಪತ್ರೆ, ವಿದ್ಯುತ್ತು ಇವೆಲ್ಲವೂ ಕಣ್ಣಿಗೆ ಕಾಣುವ ಕಾರ್ಯಗಳು. ಕಣ್ಣಿಗೆ ಕಾಣದೆ ನಡೆದ ಮತ್ತೊಂದು ಕಾರ್ಯವೇ ಅವರ ಜೀವನದ ಮುಖ್ಯ ಸಾಧನೆಯೆನ್ನಬೇಕು. ಅದು ಮಗನನ್ನು ಅರಸನನ್ನಾಗಿ ರೂಪಿಸಿದ ಕಾರ್ಯ. 1896ರಲ್ಲಿ ಸ್ಟುಅರ್ಟ್ ಫ್ರೇಜರ್ ಎಂಬ ಆಂಗ್ಲ ಅಧಿಕಾರಿ ಬಾಲರಾಜರ ಶಿಕ್ಷಕರಾಗಿ ನೇಮಕಗೊಂಡರು. ಪಾಠ, ಕುದುರೆ ಸವಾರಿ, ಆಟೋಟ, ಆಡಳಿತದ ಪರಿಚಯ ಎಲ್ಲವೂ ವೇಳಾಪಟ್ಟಿಯಂತೆ ನಡೆದವು. ಆಂಗ್ಲ ಶಿಕ್ಷಕರ ಕೈಯಲ್ಲಿ ಬೆಳೆದ ಎಷ್ಟೋ ಮಂದಿ ರಾಜಕುಮಾರರು ತಮ್ಮ ನಾಡಿಗೇ ಪರಕೀಯರಾದದ್ದನ್ನು ಆ ಕಾಲ ಕಂಡಿತ್ತು. ನಾಲ್ವಡಿ ಕೃಷ್ಣರಾಜರು ಹಾಗಾಗಲಿಲ್ಲ. ಪಾಶ್ಚಾತ್ಯ ವಿದ್ಯೆಯ ಜೊತೆಗೆ ಕನ್ನಡ, ಸಂಸ್ಕೃತ, ಸಂಗೀತಗಳ ಸಂಸ್ಕಾರವೂ, ದೈವಭಕ್ತಿಯೂ ಅವರಲ್ಲಿ ಕೊನೆಯವರೆಗೆ ನೆಲೆನಿಂತವು. ಮನೆಯೊಳಗಿನ ತಾಯಿಯ ಪ್ರಭಾವ ಹೊರಗಿನ ಗುರುವಿನ ಶಿಕ್ಷಣಕ್ಕೆ ಪೂರಕವಾಗಿ ನಿಂತದ್ದೇ ಅದಕ್ಕೆ ಕಾರಣ.

1902ರಲ್ಲಿ ಮಗನಿಗೆ ಹದಿನೆಂಟು ತುಂಬಿತು. ಆಗಸ್ಟ್ 8ರಂದು ಜಗನ್ಮೋಹನ ಅರಮನೆಯಲ್ಲಿ, ಲಾರ್ಡ್ ಕರ್ಜನ್ ಅವರ ಸಮ್ಮುಖದಲ್ಲಿ, ರಾಜ್ಯಾಧಿಕಾರ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಹಸ್ತಾಂತರವಾಯಿತು. ಮಹಾರಾಣಿಯವರಿಗೆ ಆಗ ಮೂವತ್ತಾರು ವರ್ಷ ಮಾತ್ರ. ಏಳೂವರೆ ವರ್ಷ ರಾಜ್ಯದ ಸೂತ್ರವನ್ನು ಹಿಡಿದವರು, ಅನುಭವ ಮಾಗಿದ ವಯಸ್ಸಿನಲ್ಲಿ, ಅದನ್ನು ಬಿಟ್ಟುಕೊಟ್ಟು ಅಂತಃಪುರಕ್ಕೆ ಹಿಂದಿರುಗಿದರು. ಅಧಿಕಾರವನ್ನು ಹಿಡಿಯುವುದಕ್ಕೆ ಬೇಕಾದ ಧೈರ್ಯಕ್ಕಿಂತ ಅದನ್ನು ಬಿಡುವುದಕ್ಕೆ ಬೇಕಾದ ಧೈರ್ಯ ಹಿರಿದು. ಮಗನು ಆಳುತ್ತಿರುವಾಗ ತಾಯಿ ಹಿಂದಿನಿಂದ ಸೂತ್ರವಾಡಿಸಿ ಕೆಡಿಸಿದ ರಾಜ್ಯಗಳ ಕಥೆಗಳು ಚರಿತ್ರೆಯಲ್ಲಿ ಹೇರಳವಾಗಿವೆ. ಮೈಸೂರಿನ ಕಥೆ ಆ ಸಾಲಿಗೆ ಸೇರಲಿಲ್ಲ.

ಉಳಿದ ಮೂವತ್ತೆರಡು ವರ್ಷಗಳನ್ನು ಅವರು ರಾಜಮಾತೆಯಾಗಿ ಕಳೆದರು. ದುಃಖ ಆಗಲೂ ಅವರ ಬೆನ್ನು ಬಿಡಲಿಲ್ಲ. ಎರಡನೆಯ ಮಗಳು ಕೃಷ್ಣಾಜಮ್ಮಣ್ಣಿಯವರು ಎಳೆಯ ವಯಸ್ಸಿನಲ್ಲಿಯೇ ಕ್ಷಯರೋಗಕ್ಕೆ ತುತ್ತಾದರು. ಮೈಸೂರಿನಲ್ಲಿ ಕ್ಷಯರೋಗಿಗಳಿಗಾಗಿ ಸ್ಥಾಪಿತವಾದ ಆರೋಗ್ಯಧಾಮಕ್ಕೆ ಆ ರಾಜಕುಮಾರಿಯ ಹೆಸರನ್ನಿಡಲಾಯಿತು. ಮನೆಯ ನೋವು ನಾಡಿನ ರೋಗಿಗಳಿಗೆ ನೆರಳಾಯಿತು. ಉಳಿದ ಇಬ್ಬರು ಪುತ್ರಿಯರಿಗಾಗಿ ಕಟ್ಟಿಸಿದ ಭವನಗಳೂ ಮುಂದೆ ವಿದ್ಯೆಗೇ ಸಂದವು. ಜಯಲಕ್ಷ್ಮೀ ವಿಲಾಸವು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತು. ಚೆಲುವಾಂಬಾ ಭವನದಲ್ಲಿ 1950ರಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ ನೆಲೆಗೊಂಡಿತು.

ತಾವು ಒಪ್ಪಿಸಿದ ರಾಜ್ಯ ಮಗನ ಕೈಯಲ್ಲಿ ಹೇಗೆ ಬೆಳೆಯಿತೆಂಬುದನ್ನು ಕಣ್ಣಾರೆ ಕಾಣುವ ಭಾಗ್ಯ ಮಾತ್ರ ಆ ತಾಯಿಗೆ ದೊರೆಯಿತು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1911ರಲ್ಲಿ ಮೊದಲಾಗಿ ಇಪ್ಪತ್ತು ವರ್ಷ ನಡೆದ ಕನ್ನಂಬಾಡಿಯ ಕಟ್ಟೆ ಇವೆಲ್ಲವೂ ಅವರ ಜೀವಿತಕಾಲದಲ್ಲಿಯೇ ಆದವು. ಶಿವನಸಮುದ್ರದ ಯಂತ್ರಗಳಿಗೆ ವರ್ಷವಿಡೀ ನೀರೊದಗಿಸುವುದೂ ಕನ್ನಂಬಾಡಿಯ ಉದ್ದೇಶಗಳಲ್ಲಿ ಒಂದಾಗಿತ್ತು. ತಾಯಿಯ ಕಾಲದಲ್ಲಿ ಬಿತ್ತಿದ ಬೀಜ ಮಗನ ಕಾಲದಲ್ಲಿ ಮರವಾಯಿತು. ಆ ಮಗನನ್ನು ಲೋಕವು ರಾಜರ್ಷಿ ಎಂದು ಕರೆಯಿತು.

1934ರ ಜುಲೈ 7ರಂದು, ಅರವತ್ತೆಂಟನೆಯ ವಯಸ್ಸಿನಲ್ಲಿ, ವಾಣೀವಿಲಾಸ ಸನ್ನಿಧಾನದವರು ಇಹಲೋಕವನ್ನು ತ್ಯಜಿಸಿದರು. ಮಾರಿಕಣಿವೆಯ ಜಲಾಶಯ ಮೊದಲ ಬಾರಿ ತುಂಬಿ ಹರಿದು ಆಗ ಒಂದು ವರ್ಷವಾಗಿತ್ತು. ಮರುವರ್ಷ ಬೆಂಗಳೂರಿನಲ್ಲಿ ತಾಯಂದಿರಿಗೂ ಮಕ್ಕಳಿಗೂ ಮೀಸಲಾದ ಆಸ್ಪತ್ರೆ ಅವರ ಹೆಸರಿನಲ್ಲಿ ತೆರೆಯಿತು. ವಾಣಿ ವಿಲಾಸ ಆಸ್ಪತ್ರೆಯಲ್ಲಿ ಅಂದಿನಿಂದ ಇಂದಿನವರೆಗೆ ಕಣ್ತೆರೆದ ಶಿಶುಗಳೆಷ್ಟೋ! ಬಸವನಗುಡಿಯ ಹೆದ್ದಾರಿಗೂ, ಮೈಸೂರಿನ ನೀರು ಸರಬರಾಜು ಕಾರ್ಯಾಗಾರಕ್ಕೂ ಅದೇ ಹೆಸರು ನಿಂತಿದೆ.

ಸಂಸ್ಥಾನ ಹೋಯಿತು, ಸಿಂಹಾಸನ ಈಗ ದಸರೆಯ ದರ್ಶನಕ್ಕೆ ಮಾತ್ರ. ಆದರೂ ನೀರಿಗೆ, ದವಾಖಾನೆಗೆ, ಹೆಣ್ಣುಮಕ್ಕಳ ವಿದ್ಯಾಲಯಕ್ಕೆ ಆ ರಾಣಿಯ ಹೆಸರು ಅಂಟಿಕೊಂಡು ಉಳಿದಿದೆ. ಅವರು ಏಳೂವರೆ ವರ್ಷ ಕಾಯ್ದ ರಾಜ್ಯದಲ್ಲಿ ತಮ್ಮದೆಂದು ಇಟ್ಟುಕೊಂಡದ್ದು ಏನೂ ಇರಲಿಲ್ಲ. ಅಣೆಕಟ್ಟು ಮುಗಿದಾಗ ಅಧಿಕಾರ ಅವರದಾಗಿರಲಿಲ್ಲ. ಅರಮನೆ ಮುಗಿದಾಗಲೂ ಇರಲಿಲ್ಲ. ನಗರದಲ್ಲಿ ದೀಪ ಹತ್ತಿದಾಗಲೂ ಇರಲಿಲ್ಲ. ಫಲವನ್ನು ಮುಂದಿನವರಿಗೆ ಬಿಟ್ಟು ನೆಡುವ ಕೆಲಸದಲ್ಲಿ ತೊಡಗಿದವರೆಲ್ಲರಿಗೂ, ಪಾಠ ಹೇಳುವ ಗುರುವಿಗೂ, ವಿದ್ಯಾಲಯಕ್ಕೆ ನೆಲವನ್ನೋ ಧನವನ್ನೋ ಇತ್ತ ದಾನಿಗೂ, ಓದಿದ ಶಾಲೆಯ ಋಣವನ್ನು ನೆನೆಯುವ ಹಳೆಯ ವಿದ್ಯಾರ್ಥಿಗೂ, ಆ ಜೀವನ ಹತ್ತಿರದ್ದಾಗಿ ತೋರುವುದು ಸಹಜ. ತಮ್ಮದಲ್ಲದುದನ್ನು ತಮ್ಮದಕ್ಕಿಂತ ಮಿಗಿಲಾಗಿ ಕಾಯ್ದು, ಬೆಳೆಸಿ, ತಕ್ಕ ದಿನದಲ್ಲಿ ತಕ್ಕವರ ಕೈಗೆ ಒಪ್ಪಿಸಿ ಹಿಂದೆ ಸರಿದವರ ಸಾಲಿನಲ್ಲಿ ವಾಣೀವಿಲಾಸ ಸನ್ನಿಧಾನದವರ ಹೆಸರು ಅಜರಾಮರವಾಗಿ ಉಳಿಯುತ್ತದೆ.